ಹಳೇ ಹುಲ್ಲಿನ ಟೋಪಿ: ಕಾಪಾಡೋದೋ, ಹೊಸದು ಮಾಡೋದೋ?

ಹಳೆಯದಾದ ಒಂದು ವಸ್ತುವನ್ನು ಇದ್ದ ಹಾಗೇ ಉಳಿಸಬೇಕೋ, ಹೊಸದರ ಹಾಗೆ ಮಾಡಬೇಕೋ ಎನ್ನುವುದು ಮೇಲುನೋಟಕ್ಕೆ ಉಳ್ಳವರ ಪ್ರಶ್ನೆ. ಅಟ್ಟದ ಮೇಲೆ ಅಜ್ಜನ ಕಾಲದ ಪೆಟ್ಟಿಗೆ ಇರುವವರು ಕೇಳಿಕೊಳ್ಳುವ ಪ್ರಶ್ನೆ. ಇಲ್ಲದವರ ಮನೆಯಲ್ಲಿ ವಸ್ತು ಹಳೆಯದಾಗುವುದಿಲ್ಲ, ಸವೆದು ಮುಗಿದುಹೋಗುತ್ತದೆ. ಆದರೂ ಈ ಪ್ರಶ್ನೆಯನ್ನು ಉಳ್ಳವರ ಕೈಗೇ ಬಿಟ್ಟು ಕೂರಬಾರದು ಅಂತ ನನ್ನ ವಾದ. ಯಾಕೆಂದರೆ ಹಳೆಯ ವಸ್ತುವನ್ನು ಇಟ್ಟುಕೊಂಡವರು ಅವರಾದರೂ ಮಾಡಿದವರು ಅವರಲ್ಲ.

ಒಂದು ಹುಲ್ಲಿನ ಟೋಪಿಯನ್ನೇ ತೆಗೆದುಕೊಳ್ಳೋಣ. 1900ರ ಸುಮಾರಿಗೆ ಇಂಗ್ಲೆಂಡಿನಲ್ಲಿ ತಯಾರಾದದ್ದು. ಬೋಟರ್ ಅಂತ ಅದರ ಹೆಸರು. ನೆತ್ತಿ ಚಪ್ಪಟೆ, ಅಂಚು ಚಪ್ಪಟೆ, ಸುತ್ತ ಒಂದು ರಿಬ್ಬನ್. ಹೊಳೆಯಲ್ಲಿ ದೋಣಿ ನಡೆಸುತ್ತಾ ಬೇಸಿಗೆ ಕಳೆಯುತ್ತಿದ್ದ ಸಿರಿವಂತ ಹುಡುಗರೂ ಅದನ್ನು ಹಾಕುತ್ತಿದ್ದರು, ಮಾಂಸದಂಗಡಿಯವರೂ ಮೀನು ಮಾರುವವರೂ ಹಾಕುತ್ತಿದ್ದರು. ಈಗ ಅದಕ್ಕೆ ನೂರು ವರ್ಷ ದಾಟಿದೆ. ಹುಲ್ಲು ಕಂದಿ ಕಂದು ಬಣ್ಣಕ್ಕೆ ತಿರುಗಿದೆ. ಅಂಚು ಒಂದು ಕಡೆ ಮುರಿದಿದೆ. ನೆತ್ತಿಯ ಹತ್ತಿರ ಹೊಲಿಗೆ ಬಿಟ್ಟಿದೆ. ಒಳಗಡೆ ಹಣೆ ತಾಗುವ ಪಟ್ಟಿಯ ಮೇಲೆ ಬೆವರಿನ ಕರೆ ಕೂತಿದೆ. ರಿಬ್ಬನ್ ನೂಲುನೂಲಾಗಿದೆ. ಇಂಥ ಟೋಪಿ ನಮ್ಮ ಮುಂದಿದೆ ಅಂತ ಇಟ್ಟುಕೊಳ್ಳೋಣ.

ಇದನ್ನು ಏನು ಮಾಡಬೇಕು? ಎರಡು ಸಲಹೆ ಬರುತ್ತವೆ.

ಒಬ್ಬ ಹೇಳುತ್ತಾನೆ: ಹಬೆ ಹಿಡಿದು ಹುಲ್ಲನ್ನು ಮೆತ್ತಗೆ ಮಾಡು. ಮರದ ಅಚ್ಚಿಗೆ ಏರಿಸಿ ಒತ್ತು. ಹೈಡ್ರೋಜನ್ ಪೆರಾಕ್ಸೈಡ್ ಸವರಿ ಬಿಳಿ ಮಾಡು. ಮುರಿದ ಎಳೆ ಕತ್ತರಿಸಿ ತೆಗೆ, ಬೇರೆ ಹುಲ್ಲು ಸೇರಿಸು. ಹಳೇ ರಿಬ್ಬನ್ ಬಿಸಾಕಿ ಹೊಸದು ಕಟ್ಟು. ಮೇಲೆ ಅರಗಿನ ಮೆರುಗು ಕೊಡು. ಅಂಗಡಿಯಿಂದ ಈಗ ತಾನೇ ತಂದ ಹಾಗೆ ಕಾಣುತ್ತದೆ.

ಇನ್ನೊಬ್ಬ ಹೇಳುತ್ತಾನೆ: ಕೈ ಹಚ್ಚಬೇಡ. ಮೆತ್ತನೆ ಕುಂಚದಿಂದ ದೂಳು ಮಾತ್ರ ತೆಗೆ. ಒಡೆದ ಕಡೆ ಇನ್ನಷ್ಟು ಒಡೆಯದ ಹಾಗೆ ತೆಳ್ಳನೆ ಜಪಾನಿ ಕಾಗದವನ್ನು ಗೋಧಿ ಗಂಜಿಯ ಅಂಟಿನಿಂದ ಹಿಂಬದಿಯಲ್ಲಿ ಆನಿಸು. ನಾಳೆ ಬೇಡ ಅನ್ನಿಸಿದರೆ ನೀರಿನ ತೇವದಲ್ಲಿ ಅದನ್ನು ಬಿಡಿಸಬಹುದು. ಒಳಗೆ ಆಮ್ಲವಿಲ್ಲದ ಕಾಗದ ತುಂಬಿ ಕತ್ತಲಲ್ಲಿಡು. ಹೊರಗೆ ಇಟ್ಟರೂ 50 ಲಕ್ಸ್‌ಗಿಂತ ಹೆಚ್ಚಿನ ಬೆಳಕು ಬೀಳದಂತೆ ನೋಡಿಕೋ.

ಮೊದಲನೆಯದು ಜೀರ್ಣೋದ್ಧಾರ, ಎರಡನೆಯದು ಕಾಪಿಡುವುದು. ಇಬ್ಬರೂ ಟೋಪಿಯನ್ನು ಪ್ರೀತಿಸುವವರೇ. ಆದರೆ ಇಬ್ಬರಿಗೂ ಒಂದು ಪ್ರಶ್ನೆ ಕೇಳಬೇಕಾಗಿದೆ. ಈ ಟೋಪಿ ಯಾರದು?

ಹಾಕಿಕೊಂಡವನದು ಅನ್ನುತ್ತೀರಾ? ಕೊಂಡವನದು ಅನ್ನುತ್ತೀರಾ? ಕಾನೂನು ಹಾಗೆ ಹೇಳಬಹುದು. ನಾನು ಕೇಳುತ್ತಿರುವುದು ಕಾನೂನಿನ ಪ್ರಶ್ನೆ ಅಲ್ಲ. ಈ ಟೋಪಿಯಲ್ಲಿ ಯಾರ ಬದುಕು ಸೇರಿಕೊಂಡಿದೆ ಅಂತ ಕೇಳುತ್ತಿದ್ದೇನೆ. ಬಿಳಿಯರ ಟೋಪಿ ಕಟ್ಟಿಕೊಂಡು ನಮಗೇನಾಗಬೇಕು ಅನ್ನುವ ಗೆಳೆಯರಿಗೂ ಇದೇ ಉತ್ತರ. ತಲೆ ಬಿಳಿಯರದು ಇರಬಹುದು, ಕೈ ಯಾರದು ಅಂತ ನೋಡೋಣ ಬನ್ನಿ.

*

ಲಂಡನ್ನಿನ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ ಲೂಟನ್ ಅನ್ನುವ ಪಟ್ಟಣವಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಅದು ಟೋಪಿಯ ಊರು. ಅಲ್ಲಿನ ಫುಟ್‌ಬಾಲ್ ತಂಡಕ್ಕೆ ಇವತ್ತಿಗೂ ಟೋಪಿ ಮಾಡುವವರು ಅನ್ನುವುದೇ ಅಡ್ಡಹೆಸರು. ಟೋಪಿ ಹೊಲಿಯುತ್ತಿದ್ದದ್ದು ಪಟ್ಟಣದಲ್ಲಿ. ಆದರೆ ಟೋಪಿಗೆ ಬೇಕಾದ ಹುಲ್ಲಿನ ಜಡೆ ಬರುತ್ತಿದ್ದದ್ದು ಸುತ್ತಲಿನ ಬೆಡ್‌ಫರ್ಡ್‌ಶೈರ್, ಹರ್ಟ್‌ಫರ್ಡ್‌ಶೈರ್, ಬಕಿಂಗ್‌ಹ್ಯಾಮ್‌ಶೈರ್ ಹಳ್ಳಿಗಳಿಂದ. ನೆಪೋಲಿಯನ್ ಜೊತೆಗಿನ ಯುದ್ಧದ ಕಾಲದಲ್ಲಿ ಇಟಲಿಯ ಮಾಲು ಬರುವುದು ನಿಂತಾಗ ಈ ಹಳ್ಳಿಗಳ ಕಸುಬು ಕೊಬ್ಬಿ ಬೆಳೆಯಿತು. ಹೆಣೆಯುತ್ತಿದ್ದವರು ಹೊಲದ ಕೂಲಿಗಳ ಹೆಂಡಿರು, ಮಕ್ಕಳು.

ಕೆಲಸ ಹೀಗೆ. ಗೋಧಿ ದಂಟಿನಲ್ಲಿ ತೆನೆಗೂ ಮೊದಲ ಗಿಣ್ಣಿಗೂ ನಡುವಿನ ಭಾಗವನ್ನು ಮಾತ್ರ ಆರಿಸುತ್ತಾರೆ. ಗಂಧಕದ ಹೊಗೆ ಕೊಟ್ಟು ಬಿಳಿ ಮಾಡುತ್ತಾರೆ. ಚಿಕ್ಕ ಚಕ್ರದಂಥ ಒಂದು ಉಪಕರಣದ ಮೇಲೆ ತಳ್ಳಿದರೆ ಒಂದು ದಂಟು ನಾಲ್ಕು, ಆರು, ಒಂಬತ್ತು ಸೀಳಾಗುತ್ತದೆ. ಆ ಸೀಳುಗಳನ್ನು ಎರಡು ಮರದ ಉರುಳೆಗಳ ನಡುವೆ ಹಾಯಿಸಿ ಚಪ್ಪಟೆ ಮಾಡುತ್ತಾರೆ. ಆಮೇಲೆ ಹೆಣಿಗೆ. ಒಣ ಹುಲ್ಲು ಮುರಿಯುತ್ತದೆ, ಒದ್ದೆ ಹುಲ್ಲು ಬಾಗುತ್ತದೆ. ಒದ್ದೆ ಮಾಡುವುದು ಹೇಗೆ? ಬಾಯಲ್ಲಿಟ್ಟುಕೊಂಡು. ಹೆಣೆಯುವ ಹೆಂಗಸು ಸೀಳುಗಳನ್ನು ತುಟಿಯ ನಡುವೆ ಕಚ್ಚಿಕೊಂಡು ಎಂಜಲಿನಲ್ಲಿ ನೆನೆಸುತ್ತಾ ಒಂದೊಂದನ್ನೇ ಎಳೆದು ಸೇರಿಸುತ್ತಾಳೆ. ಹುಲ್ಲಿನ ಅಂಚು ಹರಿತ. ತುಟಿ ಕೊಯ್ದುಕೊಳ್ಳುತ್ತದೆ, ಬಾಯಿ ಹುಣ್ಣಾಗುತ್ತದೆ. ಜಡೆ ಅಳೆಯುವುದು ಸ್ಕೋರ್ ಲೆಕ್ಕದಲ್ಲಿ. ಒಂದು ಸ್ಕೋರ್ ಅಂದರೆ 20 ಗಜ. ಮನೆಯ ಒಲೆಗೂಡಿನ ಮರದ ಪಟ್ಟಿಯಲ್ಲಿ ಅಳತೆಯ ಗೀರು ಕೊರೆದಿರುತ್ತಿದ್ದರು. ಜಡೆ ಸಂತೆಗೆ ಹೋಗುತ್ತಿತ್ತು, ದಲ್ಲಾಳಿಯ ಕೈಗೆ ಬೀಳುತ್ತಿತ್ತು. 1869ರಲ್ಲಿ ಲೂಟನ್ನಿನಲ್ಲಿ ಜಡೆ ಮಾರುವುದಕ್ಕೆಂದೇ ದೊಡ್ಡ ದೊಡ್ಡ ಸಂತೆಮನೆ ಕಟ್ಟಿದರು.

ಮಕ್ಕಳಿಗೆ ಜಡೆ ಶಾಲೆ ಅಂತ ಇತ್ತು. ಹೆಸರಿಗೆ ಶಾಲೆ. ಅದು ಯಾವುದೋ ಗುಡಿಸಲಿನ ಒಂದು ಕೋಣೆ. ಮೂರು ನಾಲ್ಕು ವರ್ಷದ ಕೂಸುಗಳನ್ನೂ ಅಲ್ಲಿಗೆ ಕಳಿಸುತ್ತಿದ್ದರು. ತಾಯಿ ತಂದೆ ವಾರಕ್ಕೆ ಇಷ್ಟು ಪೆನ್ನಿ ಅಂತ ಕೊಟ್ಟು, ದಿನಕ್ಕೆ ಇಷ್ಟು ಗಜ ಹೆಣೆಸು ಅಂತ ಹೇಳಿ ಬಿಟ್ಟುಹೋಗುತ್ತಿದ್ದರು. ಕಲಿಸುವಾಕೆಗೇ ಅನೇಕ ಕಡೆ ಓದು ಬರುತ್ತಿರಲಿಲ್ಲ. ಅವಳ ಕೆಲಸ ಅಕ್ಷರ ಕಲಿಸುವುದಲ್ಲ, ಗಜ ತುಂಬಿಸುವುದು. 1862ರಲ್ಲಿ ನೇಮಕವಾದ ಮಕ್ಕಳ ದುಡಿಮೆಯ ಆಯೋಗ ಈ ಕೋಣೆಗಳನ್ನು ನೋಡಿ ವರದಿ ಬರೆಯಿತು. 1867ರಲ್ಲಿ ಎಂಟು ವರ್ಷಕ್ಕಿಂತ ಕಿರಿಯ ಮಕ್ಕಳನ್ನು ಕೈಕಸುಬಿಗೆ ಹಚ್ಚಬಾರದು ಅಂತ ಕಾನೂನು ಬಂತು. ಹಳ್ಳಿ ಮನೆಯ ಬಾಗಿಲ ಒಳಗೆ ಕಾನೂನು ಎಷ್ಟು ಬೇಗ ಹೊಕ್ಕೀತು ಅನ್ನೋದು ಹಳ್ಳಿ ಮೇಷ್ಟರಿಗೆ ಹೇಳಿಕೊಡಬೇಕಾಗಿಲ್ಲ.

ಇಷ್ಟು ಮಾತ್ರ ಹೇಳಿ ಬಿಟ್ಟರೆ ಅರ್ಧ ಸತ್ಯ ಆಗುತ್ತದೆ. ಜಡೆ ಹೆಣೆದ ಹೆಂಗಸಿನ ಕೈಗೆ ಕಾಸು ಬಂತು. ಒಳ್ಳೆಯ ಕಾಲದಲ್ಲಿ ಹೊಲದಲ್ಲಿ ದುಡಿಯುವ ಗಂಡನ ಕೂಲಿಗೆ ಸಮನಾಗಿ, ಕೆಲವು ಸಲ ಅದನ್ನೂ ಮೀರಿ ಬಂತು. ಕೈಯಲ್ಲಿ ಹೆಣಿಗೆ ಹಿಡಿದುಕೊಂಡೇ ಬೀದಿಯಲ್ಲಿ ಓಡಾಡುತ್ತಾ, ಹೊಸ್ತಿಲಲ್ಲಿ ನಿಂತು ಮಾತಾಡುತ್ತಾ ಅವಳು ದುಡಿಯಬಲ್ಲವಳಾಗಿದ್ದಳು. ದೊಡ್ಡ ಮನೆಗಳಿಗೆ ಚಾಕರಿಗೆ ಹುಡುಗಿಯರು ಸಿಗದೇ ಹೋದರು. ಆಗ ಆ ಊರಿನ ದೊಡ್ಡವರಿಗೂ ಪಾದ್ರಿಗಳಿಗೂ ಸಿಟ್ಟು ಬಂತು. ಈ ಹೆಂಗಸರು ಸೊಕ್ಕಿನವರು, ನಡತೆಗೆಟ್ಟವರು ಅಂತ ಬರೆದರು. ಬಡ ಹೆಂಗಸಿನ ಕೈಯಲ್ಲಿ ಸ್ವಂತ ದುಡಿಮೆಯ ಕಾಸು ಓಡಾಡಿದರೆ ಅವಳ ನಡತೆಯ ಬಗ್ಗೆ ಮಾತು ಹುಟ್ಟುತ್ತದೆ. ಆ ಮಾತು ಬರೆದವರಿಗೆ ಕಾಗದ ಇತ್ತು, ಮಸಿ ಇತ್ತು. ಈ ಹೆಂಗಸರಿಗೆ ಇದ್ದದ್ದು ಹುಲ್ಲು.

ನಮ್ಮ ಟೋಪಿಯ ಹಿಂದಿನ ಮೊದಲ ಸತ್ಯ ಇದು. ಹಾಕಿಕೊಂಡವನ ಫೋಟೋ ಸಿಗುತ್ತದೆ. ಅಂಗಡಿಯ ಹೆಸರು ಟೋಪಿಯ ಒಳಗೆ ಅಚ್ಚಾಗಿರುತ್ತದೆ. ಜಡೆ ಹೆಣೆದವಳ ಹೆಸರು ಎಲ್ಲೂ ಇಲ್ಲ. ಅವಳು ಬಿಟ್ಟುಹೋದ ಒಂದೇ ಬರಹ ಆ ಜಡೆ.

*

ಆ ಬರಹವನ್ನು ಓದಲು ಬರುತ್ತದೆಯೇ? ಬರುತ್ತದೆ. ಟೋಪಿಯನ್ನು ತಿರುಗಿಸಿ, ಒಳಮೈ ನೋಡಬೇಕು. ಜಡೆಗೆ ಎಷ್ಟು ಎಳೆ ಅಂತ ಎಣಿಸಬಹುದು. ಇಡೀ ದಂಟೋ, ಸೀಳಿದ್ದೋ ಅಂತ ತಿಳಿಯಬಹುದು. ಸೀಳಿದ ಹುಲ್ಲಿನ ಹೊರಮೈಗೆ ಹೊಳಪಿದೆ, ಒಳಮೈ ಮಂಕು. ಎರಡು ಸೀಳುಗಳ ಮಂಕು ಮೈಗಳನ್ನು ಒಂದಕ್ಕೊಂದು ಕೂಡಿಸಿ ಹೊಳಪು ಎರಡೂ ಕಡೆ ಕಾಣುವಂತೆ ಹೆಣೆಯುವ ಬಗೆಯೊಂದಿತ್ತು. ಪಕ್ಕದ ಡನ್‌ಸ್ಟಬಲ್ ಪಟ್ಟಣದ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಒಂದು ಎಳೆ ಮುಗಿದ ಕಡೆ ಇನ್ನೊಂದನ್ನು ಸೇರಿಸಿದಾಗ ತುದಿಗಳು ಹಿಂಬದಿಗೆ ಚಾಚಿಕೊಳ್ಳುತ್ತಿದ್ದವು. ಆ ತುದಿಗಳನ್ನು ಕತ್ತರಿಸುವುದು ಮನೆಯ ತೀರ ಚಿಕ್ಕ ಮಕ್ಕಳ ಪಾಲಿಗೆ ಬರುತ್ತಿದ್ದ ಕೆಲಸ. ಹಳೆಯ ಇಂಗ್ಲಿಷ್ ಜಡೆಯೊಂದರ ಹಿಂಬದಿಯಲ್ಲಿ ಓರೆಕೋರೆ ಕತ್ತರಿಸಿದ ತುದಿ ಕಂಡರೆ, ಅದು ಇನ್ನೂ ಸರಿಯಾಗಿ ಕತ್ತರಿ ಹಿಡಿಯಲು ಬಾರದ ಒಂದು ಕೈಯ ಗುರುತಾಗಿರಬಹುದು.

ಇಲ್ಲಿ ಕತೆ ಇನ್ನೊಂದು ತಿರುವು ಪಡೆಯುತ್ತದೆ. 1870ರ ದಶಕದಿಂದ ಚೀನಾದ ಜಡೆ ಇಂಗ್ಲೆಂಡಿಗೆ ಬಂದು ಬೀಳತೊಡಗಿತು. ಆಮೇಲೆ ಜಪಾನಿನದು. ಚೀನಾದ ಶಾಂಡೋಂಗ್ ಪ್ರಾಂತ್ಯದ ಹಳ್ಳಿಗಳಲ್ಲಿ ಹೆಣೆದದ್ದು ಅಲ್ಲಿನ ಬಂದರಿನಿಂದ ಹಡಗು ಹತ್ತಿ ಬಂದರೂ ಲೂಟನ್ ಪಕ್ಕದ ಹಳ್ಳಿಯ ಜಡೆಗಿಂತ ಅಗ್ಗ. ಎಷ್ಟು ಅಗ್ಗದ ಕೂಲಿ ಅಂತ ನೀವೇ ಲೆಕ್ಕ ಹಾಕಿ. 1871ರ ಜನಗಣತಿಯಲ್ಲಿ ಬೆಡ್‌ಫರ್ಡ್‌ಶೈರ್ ಒಂದರಲ್ಲೇ 20,000ಕ್ಕೂ ಹೆಚ್ಚು ಮಂದಿ ಹೆಣೆಯುವವರಿದ್ದರು. 1901ರ ಹೊತ್ತಿಗೆ ಕೆಲವು ನೂರು ಮಂದಿ ಉಳಿದರು. ಲೂಟನ್ ಬಡವಾಗಲಿಲ್ಲ. ಟೋಪಿ ಇನ್ನೂ ಜಾಸ್ತಿ ತಯಾರಾಯಿತು. ಹಳ್ಳಿಯ ಹೆಂಗಸಿನ ಬಾಯಿಯ ಹುಣ್ಣು ವಾಸಿಯಾಯಿತು, ಹೊಟ್ಟೆಗೆ ಇದ್ದದ್ದು ಹೋಯಿತು.

ಹಾಗಾದರೆ 1900ರ ನಮ್ಮ ಟೋಪಿ ಯಾರದು? ಅಪ್ಪಟ ಇಂಗ್ಲಿಷ್ ಟೋಪಿ ಅಂತ ಮಾರುವವನು ಹೇಳುತ್ತಾನೆ. ಅದರ ಜಡೆ ಚೀನಾದ ಯಾವುದೋ ಹಳ್ಳಿಯ ತಾಯಿ ಮಗಳು ಹೆಣೆದದ್ದು ಇರಬಹುದು. ಜಪಾನಿನದು ಇರಬಹುದು. ಅದನ್ನು ನೆತ್ತಿಯ ನಡುವಿನಿಂದ ಶುರುಮಾಡಿ ಸುರುಳಿ ಸುರುಳಿಯಾಗಿ ಮಿಷನ್ನಿನಲ್ಲಿ ಹೊಲಿದವಳು ಲೂಟನ್ನಿನವಳು. ಅವಳಿಗೆ ಚಳಿಗಾಲದಿಂದ ಬೇಸಿಗೆಯ ಮೊದಲವರೆಗೆ ರಾತ್ರಿ ಹಗಲು ಕೆಲಸ, ಆಮೇಲೆ ತಿಂಗಳುಗಟ್ಟಲೆ ಖಾಲಿ ಕೈ. ಅದಕ್ಕೆ ಜಿಲೆಟಿನ್ ಅಂಟು ಕುಡಿಸಿ, ಬಿಸಿ ಅಚ್ಚಿನಲ್ಲಿ ಒತ್ತಿದವನು ಇನ್ನೊಬ್ಬ ಕೂಲಿ. ಹೀಗೆ ಒಂದು ಟೋಪಿಯಲ್ಲಿ ಒಬ್ಬರನ್ನೊಬ್ಬರು ಎಂದೂ ನೋಡದ ಮೂರು ನಾಲ್ಕು ಜನ ಸೇರಿಕೊಂಡಿದ್ದಾರೆ. ಒಬ್ಬಳ ಕೆಲಸ ಇನ್ನೊಬ್ಬಳ ಕೆಲಸವನ್ನು ಕಿತ್ತುಕೊಂಡಿದೆ. ಆದರೆ ಕಿತ್ತುಕೊಂಡ ಲಾಭ ಆ ಇಬ್ಬರಿಗೂ ಹೋಗಿಲ್ಲ.

ಯಾವ ಊರಿನ ಜಡೆ ಅಂತ ನಿಜವಾಗಿ ತಿಳಿಯಬೇಕಾದರೆ ಜಡೆಯನ್ನೇ ಕೇಳಬೇಕು. ಅದರ ಎಳೆ, ಅಗಲ, ಹಿಂಬದಿಯ ತುದಿ, ಹುಲ್ಲಿನ ಜಾತಿ, ಇವೇ ಸಾಕ್ಷಿ. ಈಗ ಮೊದಲನೆಯ ಸಲಹೆಗಾರನ ಕೆಲಸ ಏನು ಮಾಡುತ್ತದೆ ನೋಡಿ. ಪೆರಾಕ್ಸೈಡ್ ಬಣ್ಣ ತೆಗೆಯುತ್ತದೆ, ಎಳೆಯ ಬಲವನ್ನೂ ತೆಗೆಯುತ್ತದೆ. ಹಬೆ ಜಿಲೆಟಿನ್ನನ್ನು ಕರಗಿಸಿ ಆ ಕೂಲಿ ಕೊಟ್ಟ ಆಕಾರವನ್ನು ಕೆಡಿಸುತ್ತದೆ. ಕತ್ತರಿ ಹಿಂಬದಿಯ ತುದಿಗಳನ್ನು ನೇರ್ಪು ಮಾಡುತ್ತದೆ. ಮೆರುಗು ಎಲ್ಲದರ ಮೇಲೂ ಒಂದೇ ಹೊಳಪು ಎಳೆಯುತ್ತದೆ. ಹೊಲಿಗೆ ಸರಪಳಿ ಹೊಲಿಗೆಯಾಗಿದ್ದರೆ ಒಂದು ನೂಲು ತಪ್ಪಿ ಎಳೆದರೂ ಸಾಕು, ಸುರುಳಿ ಪೂರಾ ಬಿಚ್ಚಿಕೊಳ್ಳುತ್ತದೆ. ಟೋಪಿ ಹೊಸದಾಗುತ್ತದೆ, ಸಾಕ್ಷಿ ಸಾಯುತ್ತದೆ. ಕೊಳ್ಳುವವನಿಗೆ ಅಪ್ಪಟ ಹಳೆಯದು ಅಂತ ಹೇಳಿ ಮಾರುತ್ತಾರೆ. ಟೋಪಿ ಹಾಕುವುದು ಅಂತ ನಮ್ಮ ಮಾತಿನಲ್ಲಿ ಇದಕ್ಕೇ ಹೇಳೋದು.

*

ಕಾಪಿಡುವುದೋ ಜೀರ್ಣೋದ್ಧಾರವೋ ಅನ್ನುವ ವಾದ ಟೋಪಿಯಿಂದ ಹುಟ್ಟಿದ್ದಲ್ಲ, ಕಟ್ಟಡಗಳಿಂದ ಹುಟ್ಟಿದ್ದು. ಫ್ರಾನ್ಸಿನ ವಿಯೊಲೆ-ಲ-ದುಕ್ ಹಳೆಯ ಚರ್ಚು, ಕೋಟೆಗಳನ್ನು ಜೀರ್ಣೋದ್ಧಾರ ಮಾಡಿದವನು. ಕಟ್ಟಡವನ್ನು ಅದರ ಪೂರ್ಣ ರೂಪಕ್ಕೆ ತರಬೇಕು, ಆ ರೂಪ ಹಿಂದೆ ಎಂದೂ ಇರದಿದ್ದರೂ ಸರಿ ಅನ್ನುವಲ್ಲಿಗೆ ಅವನ ವಿಚಾರ ಹೋಯಿತು. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲೇ ಇದಕ್ಕೆ ವಿರುದ್ಧ ನಿಂತ. ಸತ್ತ ಕೆಲಸಗಾರನ ಕೈಯನ್ನು ಮತ್ತೆ ಕರೆತರಲು ಸಾಧ್ಯವಿಲ್ಲ, ಆದ್ದರಿಂದ ಜೀರ್ಣೋದ್ಧಾರ ಅನ್ನುವುದು ಒಂದು ಸುಳ್ಳು ಅಂತ ಅವನ ನಿಲುವು. ಅದೇ ದಾರಿಯಲ್ಲಿ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಘ ಕಟ್ಟಿದ. ಮಾರಿಸ್ ಮುಂದೆ ಸಮಾಜವಾದಿಯಾದ. ಕಲೆ ಅಂದರೆ ಮನುಷ್ಯ ತನ್ನ ದುಡಿಮೆಯಲ್ಲಿ ಪಡುವ ಸಂತೋಷ ಅಂತ ನಂಬಿದವನು ಅವನು.

ಇವರಿಬ್ಬರೂ ನಮ್ಮ ಕಡೆಯವರು ಅನ್ನಿಸುತ್ತದೆ. ಬಹಳ ದೂರದವರೆಗೆ ಹೌದು. ಆದರೆ ಟೋಪಿಯ ಮುಂದೆ ಅವರ ವಾದ ತೊಡರುತ್ತದೆ. ಹಳೆಯ ಚರ್ಚಿನ ಕಲ್ಲು ಕೆತ್ತಿದವನು ತನ್ನ ಮನಸ್ಸನ್ನು ಕಲ್ಲಿನಲ್ಲಿಟ್ಟ, ಆ ಸಂತೋಷ ಇನ್ನೂ ಅಲ್ಲಿದೆ, ಅದಕ್ಕೇ ಕಲ್ಲನ್ನು ಮುಟ್ಟಬೇಡಿ ಅಂತ ಅವರು ವಾದಿಸಿದರು. ಸರಿ. ಜಡೆ ಶಾಲೆಯ ನಾಲ್ಕು ವರ್ಷದ ಕೂಸಿನ ಹೆಣಿಗೆಯಲ್ಲಿ ಯಾವ ಸಂತೋಷ ಇದೆ? ಅಲ್ಲಿ ಇರುವುದು ಭಯ, ನಿದ್ದೆ, ಹಸಿವು. ಸಂತೋಷದ ಗುರುತಿಗೆ ಮಾತ್ರ ಉಳಿಯುವ ಹಕ್ಕು ಅಂತಾದರೆ ಈ ಟೋಪಿಗೆ ಆ ಹಕ್ಕು ಇಲ್ಲ. ಕೈಕಸುಬಿನ ಸೊಬಗು, ಹಿಂದಿನವರ ನೆಮ್ಮದಿಯ ಬದುಕು ಅಂತ ಹಾಡುವವರು ಬಹಳ ಸಲ ಈ ಕೂಸನ್ನು ಮರೆತೇ ಹಾಡುತ್ತಾರೆ. ನನ್ನ ಮಾತು ಇಷ್ಟೆ: ದುಡಿಮೆಯ ಸಂತೋಷಕ್ಕೆ ಇರುವಷ್ಟೇ ಹಕ್ಕು ದುಡಿಮೆಯ ನೋವಿಗೂ ಇದೆ. ಸಂತೋಷವನ್ನು ನೆನೆಸುವವರು ಸಿಗುತ್ತಾರೆ. ನೋವಿಗೆ ಸಾಕ್ಷಿ ಬೇಕು, ಯಾಕೆಂದರೆ ಅದನ್ನು ಇಲ್ಲ ಅನ್ನುವವರು ಯಾವಾಗಲೂ ಇರುತ್ತಾರೆ.

ಇದಕ್ಕೆ ಒಂದು ಬಲವಾದ ಆಕ್ಷೇಪ ಇದೆ. ನೋವಿನ ಗುರುತನ್ನು ಯಾಕೆ ಉಳಿಸಬೇಕು? ಸುಟ್ಟುಬಿಡಿ, ಮಕ್ಕಳು ಹೊಸದಾಗಿ ಬದುಕಲಿ ಅನ್ನಬಹುದು. ಹೆಣೆದವರ ಮೊಮ್ಮಕ್ಕಳು ಹಾಗಂದರೆ ಅದಕ್ಕೆ ಬೆಲೆ ಇದೆ. ಅವರ ಎದುರು ಮ್ಯೂಸಿಯಮ್ಮಿನ ಯಜಮಾನ ಬಾಯಿ ತೆರೆಯುವ ಮುಂಚೆ ಸ್ವಲ್ಪ ಯೋಚಿಸಬೇಕು. ಆದರೆ ಟೋಪಿಯನ್ನು ಹೊಸದು ಮಾಡುವವನು ನೋವನ್ನು ಸುಡುತ್ತಿಲ್ಲ. ನೋವನ್ನು ಅಳಿಸಿ ಸೊಬಗನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದಾನೆ. ಸುಡುವುದಕ್ಕೂ ಒಂದು ಸಿಟ್ಟಿದೆ, ಒಂದು ಮಾನವಿದೆ. ಮೆರುಗು ಹಚ್ಚುವುದರಲ್ಲಿ ಅದೂ ಇಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಕಷ್ಟದ್ದು. ಟೋಪಿ ಇರುವುದು ಹಾಕಿಕೊಳ್ಳಲಿಕ್ಕೆ. ಹೆಣೆದವಳು ಗಾಜಿನ ಪೆಟ್ಟಿಗೆಗೆ ಅಂತ ಹೆಣೆಯಲಿಲ್ಲ. ಆ ಕಾಲದಲ್ಲಿ ಹುಲ್ಲಿನ ಟೋಪಿಯನ್ನು ತೊಳೆದು, ಮತ್ತೆ ಗಂಧಕದ ಹೊಗೆ ಕೊಟ್ಟು, ಬಣ್ಣ ಹಾಕಿ, ಹೊಸ ಆಕಾರಕ್ಕೆ ಒತ್ತಿ ಕೊಡುವವರೇ ಬೀದಿಬೀದಿಯಲ್ಲಿ ಇದ್ದರು. ಹೋದ ವರ್ಷದ ಟೋಪಿ ಈ ವರ್ಷದ ಚಂದಕ್ಕೆ ತಿರುಗುತ್ತಿತ್ತು. ಹಾಗಿದ್ದ ಮೇಲೆ ಮುಟ್ಟಬೇಡಿ ಅನ್ನುವುದು ಹೊಟ್ಟೆ ತುಂಬಿದವರ ಮಡಿ ಅಲ್ಲವೇ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗಲೇ ನನಗೆ ವಿಷಯ ತಿಳಿಯಾಗಿದ್ದು. ಬಟ್ಟೆಗೆ ತೇಪೆ ಹಾಕುವುದು, ಚಪ್ಪಲಿಗೆ ಹೊಸ ಅಟ್ಟೆ ಹೊಲಿಯುವುದು ಬದುಕಿನ ಭಾಗ. ದುರಸ್ತಿ ಮಾಡುವವನಿಗೂ ಮಾಡಿದವನಿಗೂ ನಡುವೆ ಸಂಬಂಧ ಇದೆ. ಇಬ್ಬರೂ ಒಂದೇ ಕಸುಬಿನವರು, ಒಂದೇ ಸಂತೆಯವರು. ಟೋಪಿ ಹೇಗೆ ಹೆಣೆದರು ಅಂತ ಕೇಳಿದರೆ ಪಕ್ಕದ ಮನೆಯವಳು ಹೇಳುತ್ತಾಳೆ. ಅಲ್ಲಿಯವರೆಗೆ ಟೋಪಿ ಸಾಕ್ಷಿ ಆಗಬೇಕಾಗಿಲ್ಲ, ಟೋಪಿಯಾಗಿದ್ದರೆ ಸಾಕು. ಕೇಳಿದರೆ ಹೇಳುವವರು ಇಲ್ಲವಾದ ದಿನ ಲೆಕ್ಕ ಬದಲಾಗುತ್ತದೆ. ಬಾಯಲ್ಲಿ ಹುಲ್ಲು ಕಚ್ಚಿದ ಬಾಯಿಗಳು ಮುಚ್ಚಿಹೋದ ಮೇಲೆ ಮಾತಾಡಲು ಉಳಿದಿರುವುದು ಹುಲ್ಲು ಮಾತ್ರ. ಆಮೇಲೆ ಮಾಡುವ ದುರಸ್ತಿ ದುರಸ್ತಿಯಲ್ಲ. ಅವರ ಮಾತಿನ ಜಾಗದಲ್ಲಿ ನಮ್ಮ ಮಾತು ತುಂಬುವುದು.

ಆದ್ದರಿಂದ ನಿಯಮ ಇದು: ಮಾಡಿದವರು ಬದುಕಿರುವವರೆಗೆ ವಸ್ತುವನ್ನು ಬಳಸಿ, ದುರಸ್ತಿ ಮಾಡಿ, ಬೇಕಾದರೆ ಹೊಸದು ಮಾಡಿ. ಮಾಡಿದವರ ದನಿ ನಿಂತ ಮೇಲೆ ವಸ್ತುವಿನ ಬಾಯಿ ಮುಚ್ಚಬೇಡಿ.

*

ನಿಯಮದ ಮೊದಲ ಭಾಗಕ್ಕೆ ಉದಾಹರಣೆ ಬೇಕಾದರೆ ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶ ನೋಡಿ. ಜಗತ್ತು ಪನಾಮ ಟೋಪಿ ಅಂತ ಕರೆಯುವುದು ಪನಾಮದ್ದಲ್ಲ, ಈಕ್ವೆಡಾರಿನದು. ಟೊಕಿಯಾ ಅನ್ನುವ ಗಿಡದ ಎಲೆಯ ಎಳೆಗಳಿಂದ ಅದನ್ನು ನೇಯುತ್ತಾರೆ. ಇಲ್ಲಿ ಜಡೆ ಹೆಣೆದು ಹೊಲಿಯುವುದಿಲ್ಲ, ನೆತ್ತಿಯಿಂದ ಅಂಚಿನವರೆಗೆ ಇಡೀ ಟೋಪಿ ಒಂದೇ ನೇಯ್ಗೆ. ಪನಾಮದ ಮೂಲಕ ಸಾಗಿಸಿದ್ದರಿಂದ, 1849ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಚಿನ್ನ ಹುಡುಕಿ ಹೊರಟವರು ಅಲ್ಲಿ ಕೊಂಡದ್ದರಿಂದ ಆ ಹೆಸರು ಅಂಟಿತು. 1906ರಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಕಾಲುವೆ ಕೆಲಸ ನೋಡಲು ಪನಾಮಕ್ಕೆ ಹೋದಾಗಿನ ಫೋಟೋದಿಂದ ಅದು ಇನ್ನೂ ಗಟ್ಟಿಯಾಯಿತು. ನೇಯ್ದವರ ದೇಶದ ಹೆಸರು ಕೂಡ ಟೋಪಿಯ ಮೇಲೆ ಉಳಿಯಲಿಲ್ಲ.

ಆದರೆ ಅಲ್ಲಿ ಕೈಗಳು ಇನ್ನೂ ಇವೆ. ಮೊಂಟೆಕ್ರಿಸ್ಟಿಯ ಸುತ್ತಿನ ಊರುಗಳಲ್ಲಿ ಮರದ ಅಚ್ಚಿನ ಮೇಲೆ ಎದೆ ಒತ್ತಿ, ಬಗ್ಗಿಕೊಂಡೇ ನೇಯುತ್ತಾರೆ. ತೀರ ನಯವಾದ ಒಂದು ಟೋಪಿಗೆ ತಿಂಗಳುಗಳೇ ಹಿಡಿಯುತ್ತವೆ. 2012ರಲ್ಲಿ ಯುನೆಸ್ಕೋ ಈ ನೇಯ್ಗೆಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿಸಿದ್ದು ಯಾವುದೋ ಒಂದು ಟೋಪಿಯನ್ನಲ್ಲ, ನೇಯುವ ವಿದ್ಯೆಯನ್ನು. ಅದು ಸರಿಯಾದ ವಿಚಾರ. ಅಂಥ ಟೋಪಿ ಹರಿದರೆ ಅದನ್ನು ಕಾಗದದಲ್ಲಿ ಸುತ್ತಿಟ್ಟು ಪೂಜೆ ಮಾಡಬೇಕಾಗಿಲ್ಲ. ನೇಯುವವರ ಕೈಯಲ್ಲೇ ಸರಿಮಾಡಿಸಿ, ಕೂಲಿ ಅವರಿಗೇ ಕೊಡಿ. ಅಲ್ಲಿ ಕಾಪಾಡಬೇಕಾದ್ದು ಮೊದಲು ನೇಯುವವಳ ಬೆನ್ನು, ಅವಳ ಊಟ. ಪರಂಪರೆ ಅಂತ ಹೊಗಳಿ ಬೆಲೆ ಚೌಕಾಸಿ ಮಾಡುವವರು ಟೋಪಿಯನ್ನೂ ಕಾಪಾಡುವುದಿಲ್ಲ, ಕೈಯನ್ನೂ ಕಾಪಾಡುವುದಿಲ್ಲ.

ಈಗ ಮತ್ತೆ ನಮ್ಮ ಬೋಟರ್‌ಗೆ ಬರೋಣ. ಎರಡನೆಯ ಸಲಹೆಗಾರನೇ ಸರಿ ಅಂತ ಆಯಿತು. ಆದರೆ ಅವನನ್ನೂ ಸುಮ್ಮನೆ ಬಿಡುವಂತಿಲ್ಲ. ಟೋಪಿಯನ್ನು ಕತ್ತಲಲ್ಲಿ ಜೋಪಾನವಾಗಿಟ್ಟು, ಪಕ್ಕದ ಚೀಟಿಯಲ್ಲಿ ಏನು ಬರೆಯುತ್ತಾನೆ? ಇಂಥ ಸಾಹೇಬರ ಟೋಪಿ, ಇಂಥ ಅಂಗಡಿ, ಇಂಥ ವರ್ಷ. ಅಷ್ಟಕ್ಕೇ ನಿಲ್ಲಿಸಿದರೆ ಅವನೂ ಮೆರುಗು ಹಚ್ಚಿದವನೇ. ಒಬ್ಬ ಮೆರುಗನ್ನು ಹುಲ್ಲಿಗೆ ಹಚ್ಚಿದ, ಇನ್ನೊಬ್ಬ ಚೀಟಿಗೆ ಹಚ್ಚಿದ. ಲೂಟನ್ನಿನ ವಾರ್ಡೌನ್ ಮ್ಯೂಸಿಯಮ್ಮಿನಲ್ಲಿ ಟೋಪಿಗಳ ಜೊತೆಗೆ ಹುಲ್ಲಿನ ಜಡೆಯ ಕಸುಬಿನ ಸಂಗ್ರಹವೂ ಇದೆ. ಹಾಗೆ ಜಡೆಯೂ ಟೋಪಿಯೂ ಪಕ್ಕಪಕ್ಕ ಇದ್ದರೆ ಮಾತ್ರ ನೋಡುವವನಿಗೆ ಟೋಪಿಯ ಹಿಂದಿನ ಮನುಷ್ಯರು ಕಾಣುತ್ತಾರೆ.

ಇಂಥ ವಸ್ತು ಕೈಗೆ ಬಂದವರು ಮೂರು ಪ್ರಶ್ನೆ ಕೇಳಿಕೊಳ್ಳಲಿ. ಇದನ್ನು ಮಾಡಿದವರಲ್ಲಿ ಯಾರಾದರೂ ಉಳಿದಿದ್ದಾರೆಯೇ? ಉಳಿದಿದ್ದರೆ ಮೊದಲು ಅವರನ್ನು ಕೇಳಿ. ನಾನು ಮಾಡುವ ಕೆಲಸವನ್ನು ನಾಳೆ ಇನ್ನೊಬ್ಬರು ಬಿಡಿಸಬಹುದೇ? ಬಿಡಿಸಲಾಗದ್ದನ್ನು ಮಾಡಬೇಡಿ. ನಾನು ಮಾಡಿದ್ದು ಕಣ್ಣಿಗೆ ಕಾಣುತ್ತದೆಯೇ? ತೇಪೆ ತೇಪೆಯಾಗಿಯೇ ಕಾಣಲಿ. ಹಳೆಯ ಕೈ ಯಾವುದು, ಹೊಸ ಕೈ ಯಾವುದು ಅಂತ ಮುಂದಿನವರಿಗೆ ತಿಳಿಯಲಿ. ಅಜ್ಜನ ಟೋಪಿಯನ್ನು ಹಾಕಿಕೊಳ್ಳಲೇಬೇಕು ಅನ್ನುವ ಮೊಮ್ಮಗಳಿಗೂ ಇದನ್ನೇ ಹೇಳಬಹುದು. ಹಾಕಿಕೋ ತಾಯಿ, ಅದು ನಿನ್ನ ಅಜ್ಜನದು. ಬಿಟ್ಟ ಹೊಲಿಗೆಗೆ ಎರಡು ಹೊಲಿಗೆ ಹಾಕು, ಬೇರೆ ಬಣ್ಣದ ನೂಲಿನಲ್ಲಿ ಹಾಕು. ಬಿಳಿ ಮಾಡಿಸಬೇಡ. ಅಜ್ಜನ ಬೆವರಿನ ಕರೆ ಒಳಗಿದೆ ಅಂತ ನಿನಗೆ ಪ್ರೀತಿ ಇದೆಯಲ್ಲ, ಅದೇ ಹುಲ್ಲಿನಲ್ಲಿ ಇನ್ನೊಬ್ಬಳ ಎಂಜಲೂ ಇದೆ ಅಂತ ತಿಳಿದುಕೊಂಡು ಹಾಕಿಕೋ.

ಚೀಟಿಯಲ್ಲಿ ಹೀಗೆ ಬರೆಯಬೇಕು ಅಂತ ನನ್ನ ಸೂಚನೆ: ಹಾಕಿಕೊಂಡವರು ಇಂಥವರು. ಹೊಲಿದವರು ಲೂಟನ್ನಿನ ಒಬ್ಬ ಹೆಣ್ಣುಮಗಳು. ಜಡೆ ಹೆಣೆದವರು ಬೆಡ್‌ಫರ್ಡ್‌ಶೈರ್ ಅಥವಾ ಶಾಂಡೋಂಗ್ ಅಥವಾ ಜಪಾನಿನ ಹಳ್ಳಿಯವರು, ಹೆಸರನ್ನು ಯಾರೂ ಬರೆದಿಡಲಿಲ್ಲ. ಕೊನೆಯ ಮಾತನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕು. ಹೆಸರು ಇಲ್ಲದ್ದು ಅವರ ತಪ್ಪಲ್ಲ. ಬರೆಯುವವರು ಬರೆಯಲಿಲ್ಲ. ಅವರು ಹೆಣೆದದ್ದನ್ನಾದರೂ ಅಳಿಸದೆ ಉಳಿಸಿದರೆ, ಓದಲು ಕಲಿತ ಮಕ್ಕಳು ಮುಂದೊಂದು ದಿನ ಓದಿಕೊಳ್ಳುತ್ತಾರೆ.